ನಗರಸಭೆಯ ಬೇಡಿಕೆ ವಿಧಾನಸೌಧ ಮುಟ್ಟಬೇಕಾದರೆ

ನಾನು ಸ್ಥಾಯಿ ಸಮಿತಿಗೆ ಬರುವ ಹೊತ್ತಿಗೆ ನಮ್ಮ ನಗರಸಭೆಯಲ್ಲಿ ‘ಸರ್ಕಾರಕ್ಕೆ ಸಲ್ಲಿಸಿದ ಬೇಡಿಕೆಗಳು’ ಎಂಬ ಕಡತವೊಂದು ದಪ್ಪಗೆ ಬೆಳೆದು ಕೂತಿತ್ತು. ಒಳಚರಂಡಿಯ ಎರಡನೇ ಹಂತದಿಂದ ಹಿಡಿದು ರೈಲು ನಿಲುಗಡೆಯವರೆಗೆ, ಬೀದಿನಾಯಿಯಿಂದ ಮೆಡಿಕಲ್ ಕಾಲೇಜಿನವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಸಾಮಾನ್ಯ ಸಭೆಯಲ್ಲಿ ಒಬ್ಬರು ಎದ್ದು ‘ಸರ್ಕಾರಕ್ಕೆ ಬರೆಯೋಣ’ ಅನ್ನುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ನಡಾವಳಿಗೆ ಸೇರುತ್ತದೆ. ಪತ್ರ ಜಿಲ್ಲಾಧಿಕಾರಿಗಳ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ, ಅಲ್ಲಿಂದ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ ಹೋಗುತ್ತದೆ. ಆಮೇಲೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ವಾರ್ಡಿನ ಜನರಿಗೆ ತೋರಿಸಲು ಠರಾವಿನ ಪ್ರತಿಯೊಂದು ಇದ್ದರೆ ಸಾಕು.

ಆ ಕಡತ ಬಿಚ್ಚಿಕೊಂಡು ಕೂತು, ಒಂದೊಂದು ಬೇಡಿಕೆಯ ಎದುರಿಗೂ ಒಂದೇ ಪ್ರಶ್ನೆ ಬರೆಯುತ್ತ ಹೋದೆ: ಇದು ಬದಲಾಗಬೇಕಾದರೆ ಯಾರ ಸಹಿ ಬೇಕು? ಕರ್ನಾಟಕ ಪೌರಸಭೆಗಳ ಕಾಯ್ದೆ 1964ರಲ್ಲಿ ಒಂದು ಪದ ಬದಲಾಗಬೇಕೆಂದರೂ ವಿಧಾನಮಂಡಲದ ಎರಡೂ ಸದನ ಒಪ್ಪಬೇಕು. ಕಾಯ್ದೆಯಡಿಯ ನಿಯಮವಾದರೆ ನಗರಾಭಿವೃದ್ಧಿ ಇಲಾಖೆ ಕರಡು ಮಾಡಿ, ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆ ಕೇಳಿ ಅಂತಿಮಗೊಳಿಸುತ್ತದೆ. ಸರ್ಕಾರಿ ಆದೇಶಕ್ಕೆ ಇಲಾಖೆಯ ಜೊತೆ ಆರ್ಥಿಕ ಇಲಾಖೆ ಒಪ್ಪಿದರೆ ಸಾಕು. ಸುತ್ತೋಲೆ ನಿರ್ದೇಶನಾಲಯದ ಮಟ್ಟದಲ್ಲೇ ಮುಗಿಯುತ್ತದೆ. ಇನ್ನು ಬೀದಿನಾಯಿ ವಿಚಾರದಲ್ಲಿ ಶಾಸಕರನ್ನು ಎಷ್ಟು ಹಿಡಿದುಕೊಂಡರೂ ಪ್ರಯೋಜನವಿಲ್ಲ. ಪ್ರಾಣಿ ಜನನ ನಿಯಂತ್ರಣ ನಿಯಮ 2023 ಕೇಂದ್ರದ್ದು.

ಹೀಗೆ ವಿಂಗಡಿಸಿದಾಗ, ‘ಕಾನೂನಿಗೆ ತಿದ್ದುಪಡಿ ಆಗಲೇಬೇಕು’ ಎಂದು ಸಭೆಯಲ್ಲಿ ಟೇಬಲ್ ಗುದ್ದಿ ಹೇಳಿದ ಬೇಡಿಕೆಗಳಲ್ಲಿ ನಿಜವಾಗಿ ತಿದ್ದುಪಡಿ ಬೇಕಾದವು ಬೆರಳೆಣಿಕೆಯಷ್ಟು. ಕೆಲವಕ್ಕೆ ಏನೂ ಬದಲಾಗಬೇಕಿರಲಿಲ್ಲ, ಇದ್ದದ್ದನ್ನು ಬಳಸಿದ್ದರೆ ಸಾಕಿತ್ತು.

ಕೇಂದ್ರ ಸರ್ಕಾರದ ಆಸ್ತಿಗಳ ವಿಷಯವನ್ನೇ ತೆಗೆದುಕೊಳ್ಳಿ. ಊರ ನಡುವೆ ಎಕರೆಗಟ್ಟಲೆ ಜಾಗ, ಕ್ವಾರ್ಟರ್ಸ್, ಗೋದಾಮು. ನಮ್ಮ ರಸ್ತೆ, ನಮ್ಮ ಚರಂಡಿ, ನಮ್ಮ ಕಸದ ಗಾಡಿ. ತೆರಿಗೆ ಮಾತ್ರ ಇಲ್ಲ, ಏಕೆಂದರೆ ಸಂವಿಧಾನದ 285ನೇ ವಿಧಿ ವಿನಾಯಿತಿ ಕೊಟ್ಟಿದೆ. ‘ಸಂವಿಧಾನಕ್ಕೆ ತಿದ್ದುಪಡಿ ತನ್ನಿ’ ಎಂದು ನಮ್ಮ ಸಭೆ ಗಂಭೀರವಾಗಿಯೇ ಠರಾವು ಮಾಡಿತ್ತು! ಆದರೆ ತೆರಿಗೆ ಹಾಕಲಾಗದಿದ್ದರೂ ಸೇವಾ ಶುಲ್ಕ ಕೇಳಬಹುದು. ರಾಜ್‌ಕೋಟ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ 2009ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಅದು ಇತ್ಯರ್ಥವಾಗಿದೆ: ನಗರಸಭೆಯ ಸೇವೆಗಳನ್ನು ಪೂರ್ತಿ ಬಳಸಿದರೆ ಆಸ್ತಿ ತೆರಿಗೆಯ 75%, ಭಾಗಶಃ ಬಳಸಿದರೆ 50%, ಏನೂ ಬಳಸದಿದ್ದರೆ ಮೂರನೇ ಒಂದು ಭಾಗ. ಕಂದಾಯ ಶಾಖೆಯವರನ್ನು ಕೂರಿಸಿಕೊಂಡು ಅಳತೆ, ಲೆಕ್ಕ ಸಮೇತ ಬೇಡಿಕೆ ನೋಟಿಸು ಕಳಿಸಿದೆವು. ಒಂದು ಕಚೇರಿ ಒಡಂಬಡಿಕೆಯ ಕರಡು ಕೇಳಿತು, ಸಹಿಯಾಯಿತು, ಹಣ ಬಂತು. ಇನ್ನೊಂದು ಇವತ್ತಿಗೂ ‘ಮೇಲಿನವರಿಗೆ ಬರೆದಿದ್ದೇವೆ’ ಅನ್ನುತ್ತಿದೆ. ಅಂತೂ ಆ ಠರಾವು ಕಡತದಿಂದ ಹೊರಬಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ಸೆಸ್ಸಿನ ಕಥೆ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಸೇರಿಸಿ ನಾವು ವಸೂಲಿ ಮಾಡುತ್ತೇವೆ. ಬೈಸಿಕೊಳ್ಳುವವರೂ ನಾವೇ. ಹಣ ಮಾತ್ರ ಆಯಾ ಇಲಾಖೆಗೆ ಹೋಗಬೇಕು. ಕಟ್ಟದೆ ಉಳಿಸಿಕೊಂಡರೆ ಆಡಿಟ್‌ನಲ್ಲಿ ಆಕ್ಷೇಪಣೆ. ‘ಈ ಹಣ ನಮಗೇ ಬಿಡಿ’ ಎಂಬುದು ಹಳೇ ಬೇಡಿಕೆ, ನ್ಯಾಯವಾದದ್ದು ಕೂಡ. ಆದರೆ ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯದ್ದು, ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದ್ದು, ಆರೋಗ್ಯ ಕರಕ್ಕೆ ಬೇರೆಯೇ ಕಾಯ್ದೆ. ಮೂರು ಕಾಯ್ದೆ, ಮೂರು ಇಲಾಖೆ. ಮೂರಕ್ಕೂ ಈ ಹಣ ಬೇಕು, ಮೂರರಲ್ಲೂ ನಮ್ಮ ಮಾತು ಕೇಳುವವರಿಲ್ಲ. ಇಡೀ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಒಟ್ಟಾಗಿ ಎತ್ತಬೇಕಾದ ಸಂಗತಿಯನ್ನು ಒಂದು ಊರಿನ ನಗರಸಭೆ ತನ್ನ ಆದ್ಯತೆ ಎಂದು ಹೊತ್ತುಕೊಂಡರೆ ಉಳಿದ ಕೆಲಸವೂ ಕೆಡುತ್ತದೆ. ಅದನ್ನು ಪಕ್ಕಕ್ಕಿಡೋಣ ಎಂದಾಗ ಸಭೆಯಲ್ಲಿ ಗಲಾಟೆಯಾಯಿತು. ಮೂರು ಸಲ ಗೆದ್ದು ಬಂದಿದ್ದ ಹಿರಿಯ ಸದಸ್ಯೆಯೊಬ್ಬರು ಎದ್ದು, “ಏನಪ್ಪಾ, ನ್ಯಾಯ ಇರೋದನ್ನೂ ಕೇಳಬಾರದಾ?” ಎಂದರು. “ಕೇಳಬೇಕಮ್ಮಾ, ಆದರೆ ಈ ವರ್ಷ ಮೂರೇ ಕೇಳೋಣ” ಎಂದೆ. ಒಪ್ಪಿಗೆಯಿಲ್ಲದ ಮುಖ ಮಾಡಿಕೊಂಡೇ ಕೂತರು. ಮೂರಕ್ಕಿಂತ ಹೆಚ್ಚು ಬೇಡ ಎಂಬುದನ್ನು ಮಾತ್ರ ನಾನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಪಟ್ಟಿ ಉದ್ದವಾದಷ್ಟೂ ಅದರಲ್ಲಿ ತಮಗೆ ಸುಲಭವಾದದ್ದನ್ನು ಆರಿಸಿಕೊಳ್ಳುವ ಅವಕಾಶ ಮೇಲಿನವರಿಗೆ ಸಿಗುತ್ತದೆ.

ಆ ಮೂರರಲ್ಲಿ ಮೊದಲನೆಯದು ರೆವಿನ್ಯೂ ನಿವೇಶನ. ಊರಂಚಿನ ಹೊಲಗಳನ್ನು ಭೂಪರಿವರ್ತನೆಯಿಲ್ಲದೆ, ಬಡಾವಣೆ ಅನುಮೋದನೆಯಿಲ್ಲದೆ ಗುಂಟೆ ಲೆಕ್ಕದಲ್ಲಿ ಮಾರಿ, ಮನೆಗಳೆದ್ದು ವರ್ಷಗಳಾಗಿದ್ದವು. ಅಲ್ಲಿನವರು ನಲ್ಲಿ ಕೇಳುತ್ತಾರೆ, ದೀಪ ಕೇಳುತ್ತಾರೆ, ಓಟೂ ಹಾಕುತ್ತಾರೆ. ತೆರಿಗೆ ಕಟ್ಟುತ್ತೇವೆಂದರೂ ಖಾತೆಯಿಲ್ಲದ ಕಾರಣ ಕಟ್ಟಿಸಿಕೊಳ್ಳುವಂತಿಲ್ಲ. ಹಳೆಯ ಠರಾವುಗಳೆಲ್ಲ ‘ಅಕ್ರಮ-ಸಕ್ರಮ ಜಾರಿ ಮಾಡಿ’ ಎಂದೇ ಇದ್ದವು. ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಕೋರ್ಟಿನಲ್ಲಿರುವುದನ್ನು ಸರ್ಕಾರದ ಮುಂದೆ ಇಟ್ಟರೆ ‘ವಿಷಯ ನ್ಯಾಯಾಲಯದಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬಂದೇ ಬರುತ್ತದೆ. ಹಾಗಾಗಿ ಬೇಡಿಕೆಯನ್ನೇ ಕಿರಿದು ಮಾಡಿದೆವು. ಸಕ್ರಮ ಮಾಡಿ ಎನ್ನಲಿಲ್ಲ. ಸಕ್ರಮದ ಹಕ್ಕು ಕೊಡದೆ, ಬೆಂಗಳೂರಿನಲ್ಲಿ ಬಿ ವಹಿ ಇದ್ದ ಹಾಗೆ ಬೇರೆ ವಹಿಯಲ್ಲಿ ಬರೆದುಕೊಂಡು ತೆರಿಗೆ ಪಡೆಯಲು ನಮಗೂ ಬಿಡಿ, ಅಷ್ಟೇ.

2025ರ ಫೆಬ್ರುವರಿಯಲ್ಲಿ ಸರ್ಕಾರ ರಾಜ್ಯದಾದ್ಯಂತ ಇಂಥ ಆಸ್ತಿಗಳಿಗೆ ಬಿ-ಖಾತೆ ಕೊಡುವ ಆಂದೋಲನ ಶುರುಮಾಡಿತು. ಅದು ನಮ್ಮ ಪತ್ರದಿಂದ ಆಯಿತೆಂದು ಹೇಳಿಕೊಳ್ಳುವ ಹುಚ್ಚು ನನಗಿಲ್ಲ. ಎಷ್ಟೋ ಊರುಗಳ ಒತ್ತಡ, ಎಷ್ಟೋ ಶಾಸಕರ ಮಾತು ಅದರ ಹಿಂದಿತ್ತು. ನಮಗಾದ ಲಾಭವೆಂದರೆ, ಬೇಡಿಕೆಗೆ ಆಧಾರವಾಗಲೆಂದು ಬಡಾವಣೆವಾರು ಮನೆಗಳ ಪಟ್ಟಿ ಮೊದಲೇ ಮಾಡಿಟ್ಟಿದ್ದೆವು. ಅರ್ಜಿ ಬರಲಾರಂಭಿಸಿದಾಗ ಕಂದಾಯ ಶಾಖೆ ಕತ್ತಲಲ್ಲಿ ತಡಕಾಡಲಿಲ್ಲ.

ಎರಡನೆಯದು ಜನಸಂಖ್ಯೆಯ ಲೆಕ್ಕ. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ಮಾನದಂಡ. ಆದರೆ ಯಾವ ಜನಸಂಖ್ಯೆ? 2011ರ ಜನಗಣತಿಯದ್ದು. ಆಮೇಲೆ ಊರು ಬೆಳೆದಿದೆ, ಕಸ ಬೆಳೆದಿದೆ, ಮಂಜೂರಾದ ಹುದ್ದೆ ಹಾಗೇ ಇದೆ. ಮತದಾರರ ಪಟ್ಟಿ, ನಲ್ಲಿ ಸಂಪರ್ಕ, ಆಸ್ತಿಗಳ ಸಂಖ್ಯೆ ಇಟ್ಟುಕೊಂಡು ಅಂದಾಜು ಜನಸಂಖ್ಯೆಯ ಮೇಲೆ ಹುದ್ದೆ ಕೊಡಿ ಎಂದು ಕೇಳಿದೆವು. ಇದಕ್ಕೆ ಕಾಯ್ದೆ ಬೇಡ, ಆದೇಶ ಸಾಕು. ಸಾಕೆಂದರೇನು, ಆರ್ಥಿಕ ಇಲಾಖೆಯ ಬಾಗಿಲಲ್ಲಿ ಅದು ನಿಂತೇ ಇದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರ ಅಂಕಿ ಕೈಗೆ ಸಿಕ್ಕು ಹೊಸ ಆದೇಶ ಆಗುವವರೆಗೂ ಈ ಬೇಡಿಕೆಯನ್ನು ಪಟ್ಟಿಯಿಂದ ತೆಗೆಯಬಾರದು ಎಂಬುದು ನನ್ನ ಅಭಿಪ್ರಾಯ. ಅಂಚಿನ ಹಳ್ಳಿಗಳನ್ನು ನಗರಸಭೆಗೆ ಸೇರಿಸುವ ಪ್ರಸ್ತಾವವಿದ್ದ ಊರುಗಳಿಗೆ ಇದರಲ್ಲಿ ಇನ್ನೊಂದು ತೊಡಕೂ ಇತ್ತು. ಜನಗಣತಿಗಾಗಿ ಗಡಿ ಬದಲಾವಣೆಗಳನ್ನು 2025ರ ಡಿಸೆಂಬರ್ 31ರೊಳಗೆ ಮುಗಿಸಿಕೊಳ್ಳಿ ಎಂದು ಕೇಂದ್ರ ಹೇಳಿತ್ತು.

ಮೂರನೆಯದು ಬೀದಿದೀಪ ಮತ್ತು ನೀರಿನ ಪಂಪುಗಳ ಕರೆಂಟ್ ಬಿಲ್ಲು. ಇದರ ದರ ಇಳಿಸಿ ಎಂದು ಇಂಧನ ಸಚಿವರಿಗೆ ಬರೆದ ಪತ್ರಗಳು ಕಡತದಲ್ಲಿ ರಾಶಿ ಬಿದ್ದಿದ್ದವು. ದರ ನಿಗದಿ ಮಾಡುವುದು ಸಚಿವರಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಎಸ್ಕಾಂಗಳು, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳು, ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಆಯೋಗ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ರೈತ ಮುಖಂಡರು ಬರುತ್ತಾರೆ, ಕೈಗಾರಿಕಾ ಸಂಘದವರು ವಕೀಲರ ಜೊತೆ ಬರುತ್ತಾರೆ. ನೀರು ಪೂರೈಕೆ, ಬೀದಿದೀಪಗಳು ಸೇರುವ ಎಲ್‌ಟಿ-6 ಎಂಬ ದರದ ವರ್ಗವೇ ಇದ್ದರೂ ನಗರಸಭೆಯ ಪರವಾಗಿ ಮಾತನಾಡುವವರು ಅಪರೂಪ. ನಾವು ಲಿಖಿತ ಆಕ್ಷೇಪಣೆ ಕೊಟ್ಟು ವಿಚಾರಣೆಗೆ ಹೋದೆವು. ದರ ಇಳಿಯಲಿಲ್ಲ. ಆದರೆ ಮೀಟರ್ ಇಲ್ಲದ ಕಂಬಗಳಿಗೆ ಅಂದಾಜಿನ ಬಿಲ್ಲು ಹಾಕುತ್ತಿದ್ದ ವಿಚಾರ ಅಲ್ಲಿ ಎಲ್ಲರೆದುರು ಬಂದ ಮೇಲೆ, ಜಂಟಿ ಪರಿಶೀಲನೆಗೆ ಎಸ್ಕಾಂ ತಾನಾಗಿ ಒಪ್ಪಿತು. 2025ರ ಮಾರ್ಚ್‌ನ ಆದೇಶದಲ್ಲಿ ಆಯೋಗ ಮೂರು ವರ್ಷದ ದರವನ್ನು ಒಟ್ಟಿಗೇ ಗೊತ್ತುಮಾಡಿದೆ. ಆದ್ದರಿಂದ ಮುಂದಿನ ದೊಡ್ಡ ಅವಕಾಶ 2028ರ ಏಪ್ರಿಲ್‌ನಿಂದ ಆಚೆಗಿನ ದರಗಳ ಅರ್ಜಿ ಬಂದಾಗ.

ಸರಿ, ಯಾರ ಮೂಲಕ ಹೋಗಬೇಕು? ನಗರಸಭಾ ವ್ಯಾಪ್ತಿಯ ಶಾಸಕರು, ಸಂಸದರು ಕಾಯ್ದೆಯ ಪ್ರಕಾರ ನಗರಸಭೆಗೂ ಸದಸ್ಯರು. ಅಧ್ಯಕ್ಷರ ಆಯ್ಕೆಯ ದಿನ ತಪ್ಪದೆ ಬಂದು ಕೈ ಎತ್ತುತ್ತಾರೆ. ಉಳಿದ ಸಭೆಗಳಿಗೆ ಬರುವುದು ಕಡಿಮೆ. ಜನ ಮರೆತಿರುವ ಇನ್ನೊಬ್ಬರಿದ್ದಾರೆ. ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಅವರನ್ನು ಆರಿಸುವವರೇ ನಾವು. ಅದಕ್ಕೆ ಕಳೆದ ಸಲ ಮತದಾನ ನಡೆದದ್ದು 2021ರ ಡಿಸೆಂಬರ್ 10ರಂದು. ಆ ಚುನಾವಣೆ ಹೇಗೆ ನಡೆಯುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರಾದ್ದರಿಂದ ಗೆದ್ದವರ ಗಮನವೂ ಆ ಕಡೆಗೇ. ಆದರೂ ಸದನದಲ್ಲಿ ಪ್ರಶ್ನೆ ಕೇಳಲು ಅವರಿಗೂ ವಿಷಯ ಬೇಕಲ್ಲ! ಪಕ್ಷ ನೋಡದೆ ನಮ್ಮ ಜಿಲ್ಲೆಯವರ ಹತ್ತಿರ ಹೋದೆವು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಹುದ್ದೆಗಳ ವಿಷಯ ಹೋಯಿತು. ಲಿಖಿತ ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದೇ ಬಂದಿತು. ಆದರೆ ಉತ್ತರ ಕೊಡಬೇಕಾದ ಕಾರಣಕ್ಕೆ ಇಲಾಖೆಯಲ್ಲಿ ಮಲಗಿದ್ದ ಕಡತ ಎದ್ದು ಕೂತಿತು, ಅದಕ್ಕೊಂದು ಸಂಖ್ಯೆ ಬಿತ್ತು. ಸಂಖ್ಯೆ ಸಿಕ್ಕಿದ ಮೇಲೆ ಹಿಂಬಾಲಿಸುವುದು ಸುಲಭ.

ಸಚಿವಾಲಯದ ಶಾಖಾಧಿಕಾರಿಯೊಬ್ಬರು ಕಲಿಸಿದ ಪಾಠ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ನಮ್ಮ ಠರಾವಿನ ಪ್ರತಿಯನ್ನು ಪುಟ ತಿರುವಿ ನೋಡಿ, “ಸಾರ್, ಇದರಲ್ಲಿ ಭಾಷಣ ಇದೆ. ಯಾವ ಕಲಂ, ಅದರಲ್ಲಿ ಯಾವ ಪದ ತೆಗೀಬೇಕು, ಯಾವ ಪದ ಸೇರಿಸಬೇಕು ಅಂತ ಇಲ್ಲ. ಅದನ್ನ ಬರೆದುಕೊಡಿ, ನಾನು ಟಿಪ್ಪಣಿ ಮಂಡಿಸ್ತೀನಿ,” ಎಂದರು. ಅಲ್ಲಿಂದಾಚೆ ನಮ್ಮ ಪ್ರತಿ ಬೇಡಿಕೆಯೂ ಒಂದೇ ಹಾಳೆ. ಎಡಗಡೆ ಈಗಿರುವ ನಿಯಮದ ಪಠ್ಯ, ಬಲಗಡೆ ನಮಗೆ ಬೇಕಾದ ಪಠ್ಯ. ಕೆಳಗೆ ಎರಡು ಸಾಲು: ಸರ್ಕಾರಕ್ಕೆ ಬೀಳುವ ಹೊರೆ ಎಷ್ಟು, ಬರುವ ಆದಾಯ ಎಷ್ಟು. ಹೊರೆಯ ಸಾಲು ಬಿಟ್ಟರೆ ಆರ್ಥಿಕ ಇಲಾಖೆ ಅದೊಂದನ್ನೇ ಕೇಳಿ ಕಡತ ವಾಪಸ್ ಕಳಿಸುತ್ತದೆ. ‘ಮಹನೀಯರೇ, ನಮ್ಮ ನಗರವು ಐತಿಹಾಸಿಕ ನಗರವಾಗಿದ್ದು’ ಎಂಬ ಪೀಠಿಕೆಯನ್ನು ಪೂರ್ತಿ ಕೈಬಿಟ್ಟೆವು. ಅದಕ್ಕೂ ಒಂದಿಬ್ಬರು ಸದಸ್ಯರು ಬೇಸರಪಟ್ಟರು.

ಸಮಯವೂ ಮುಖ್ಯ. ಮಾರ್ಚ್‌ನಲ್ಲಿ ಬಜೆಟ್ ಮಂಡನೆಯಾದ ಮೇಲೆ ಹಣದ ಬೇಡಿಕೆ ಇಟ್ಟರೆ ಒಂದು ವರ್ಷ ಹೋದಂತೆ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಬೆಳಗಾವಿ ಅಧಿವೇಶನ ಇರುತ್ತದೆ. ಪ್ರಶ್ನೆಯ ಸಾಮಗ್ರಿ ನವೆಂಬರ್ ಹೊತ್ತಿಗೇ ಪರಿಷತ್ ಸದಸ್ಯರ ಕೈಯಲ್ಲಿರಬೇಕು. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಕೊಡುವ ಅವಧಿ ಬಹಳ ಸಲ 30 ದಿನ. ನಮ್ಮ ಸಾಮಾನ್ಯ ಸಭೆ ಅಷ್ಟರಲ್ಲಿ ಸೇರದೆಯೂ ಹೋಗಬಹುದು. ಅದಕ್ಕೆ, ಒಪ್ಪಿದ ಮೂರು ವಿಷಯಗಳ ಮಟ್ಟಿಗೆ ಅಧ್ಯಕ್ಷರು ಮತ್ತು ಪೌರಾಯುಕ್ತರು ಕೂಡಲೇ ಆಕ್ಷೇಪಣೆ ಸಲ್ಲಿಸಿ, ನಂತರ ಸಭೆಯ ಮುಂದಿಡಬಹುದು ಎಂದು ವರ್ಷಾರಂಭದಲ್ಲೇ ಠರಾವು ಮಾಡಿಸಿಟ್ಟುಕೊಂಡೆವು.

ಇಷ್ಟೆಲ್ಲ ಮಾಡಿದರೂ ನಗರಸಭೆಗೆ ನೆನಪು ಕಡಿಮೆ. ನಾವು ಗೆದ್ದದ್ದು 2018ರಲ್ಲಿ. ಮೀಸಲಾತಿಯ ವ್ಯಾಜ್ಯದಿಂದ ಅಧ್ಯಕ್ಷರ ಆಯ್ಕೆ ಆಗುವಾಗ 2020 ಬಂದಿತ್ತು. ಅಧ್ಯಕ್ಷ ಸ್ಥಾನದ ಎರಡನೇ ಅವಧಿಯ ಮೀಸಲಾತಿಯೂ 2024ರ ಆಗಸ್ಟ್‌ವರೆಗೆ ಪ್ರಕಟವಾಗಲಿಲ್ಲ, ಅಲ್ಲಿಯವರೆಗೆ ಆಡಳಿತಾಧಿಕಾರಿಗಳ ಕಾರುಬಾರು. ಆ ತಿಂಗಳುಗಳಲ್ಲಿ ಬೇಡಿಕೆಗಳು ಸಾಯದೆ ಉಳಿದದ್ದು ಸಾಮಾನ್ಯ ಶಾಖೆಯ ಪ್ರಥಮ ದರ್ಜೆ ಸಹಾಯಕಿಯೊಬ್ಬರಿಂದ. ಯಾವ ಪತ್ರ ಯಾವ ಕಡತ ಸಂಖ್ಯೆಯಲ್ಲಿದೆ, ಕೊನೆಗೆ ಯಾರ ಮೇಜಿನ ಮೇಲಿತ್ತು, ಮತ್ತೆ ಯಾವಾಗ ವಿಚಾರಿಸಬೇಕು ಎಂದು ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಸದಸ್ಯತ್ವ ಮುಗಿದ ಮೇಲೆ ನಾನು ಹಸ್ತಾಂತರಿಸಿದ್ದು ಒಂದು ಹಾಳೆ ಮಾತ್ರ: ರೆವಿನ್ಯೂ ನಿವೇಶನದ ವಿಷಯವನ್ನು ಪಟ್ಟಿಯಿಂದ ತೆಗೆಯಿರಿ, ಹುದ್ದೆಗಳದ್ದನ್ನು ಜನಗಣತಿಯ ಅಂಕಿ ಬರುವವರೆಗೂ ಇಡಿ, ಕರೆಂಟ್ ದರದ ಆಕ್ಷೇಪಣೆಗೆ ಕಂಬಗಳ ಮೀಟರ್ ಲೆಕ್ಕವನ್ನು ಈಗಿನಿಂದಲೇ ತಿಂಗಳು ತಿಂಗಳು ಬರೆದಿಡಿ. ಖಾಲಿಯಾದ ಒಂದು ಜಾಗಕ್ಕೆ ಯಾವುದನ್ನು ಸೇರಿಸಬೇಕೆಂಬುದನ್ನು ಹೊಸ ಕೌನ್ಸಿಲ್ ಬಂದ ಮೇಲೆ ಅವರೇ ತೀರ್ಮಾನಿಸಲಿ.