ಅಮ್ಮನಿಗೆ ಇಪ್ಪತ್ತು ಪ್ರಶ್ನೆ ಹೇಳಿಕೊಟ್ಟ ಕಥೆ

"ಕಾಂಗ್ರೆಸ್ಸಿನ ಎರಡು ಭಾಗ ಯಾವುವು?" ಅಂತ ಕೇಳಿದೆ. ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಇಂದಿರಾ ಕಾಂಗ್ರೆಸ್ಸು, ಸಂಸ್ಥಾ ಕಾಂಗ್ರೆಸ್ಸು" ಅಂದಳು.

ತಮಾಷೆಗೆ ಹೇಳಿದ್ದಲ್ಲ. 1969ರಲ್ಲಿ ಪಕ್ಷ ಒಡೆದಾಗ ಅವಳಿಗೆ ಹತ್ತೊಂಬತ್ತು. ಮೈಸೂರಿನ ಮನೆಯಲ್ಲಿ ತಾತ ನಿಜಲಿಂಗಪ್ಪನವರ ಕಡೆ, ದೊಡ್ಡ ಮಾವ ಅರಸು ಅವರ ಕಡೆ. ಆರು ತಿಂಗಳು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲವಂತೆ. ಅಂಥವಳನ್ನು ಅಮೆರಿಕದ ಸಿಟಿಜನ್‌ಶಿಪ್ ಪರೀಕ್ಷೆಗೆ ತಯಾರು ಮಾಡುವ, ಕಾಂಗ್ರೆಸ್ ಅಂದರೆ ಇಲ್ಲಿನ ಸಂಸತ್ತು, ಅದರ ಎರಡು ಭಾಗ ಸೆನೆಟ್ ಮತ್ತು ಜನಪ್ರತಿನಿಧಿ ಸಭೆ (ಹೌಸ್) ಅಂತ ಹೇಳಿಕೊಡುವ ಕೆಲಸ 2024ರ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂತು.

ನನ್ನ ಸಿಟಿಜನ್‌ಶಿಪ್ ಪರೀಕ್ಷೆ ಆಗಿದ್ದು 2012ರಲ್ಲಿ. ನೂರು ಪ್ರಶ್ನೆಗಳ ಪಟ್ಟಿಯನ್ನು ಎಸ್ಸೆಸ್ಸೆಲ್ಸಿ ಸಮಾಜ ಪಾಠದ ಹಾಗೆ ಉರು ಹೊಡೆದಿದ್ದೆ. ಆಗ ಹತ್ತು ಪ್ರಶ್ನೆ ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ನನ್ನದು ಮೊದಲ ಆರೂ ಸರಿಯಾಗಿ, ಏಳನೆಯದನ್ನು ಅಧಿಕಾರಿ ಕೇಳಲೇ ಇಲ್ಲ. ಕಾರ್ ಹತ್ತುವಷ್ಟರಲ್ಲಿ ಅರ್ಧ ಮರೆತಿದ್ದೆ. ಉಳಿದರ್ಧ ನನಗೆ ಯಾವತ್ತೂ ಅರ್ಥವೇ ಆಗಿರಲಿಲ್ಲ ಅನ್ನೋದು ಗೊತ್ತಾಗಿದ್ದು ಅಮ್ಮ ಎದುರು ಕೂತು "ಯಾಕೆ?" ಅಂತ ಕೇಳಲು ಶುರು ಮಾಡಿದ ಮೇಲೆ.

ಅಮ್ಮನಿಗೆ ಒಂದು ರಿಯಾಯಿತಿ ಇತ್ತು. ಅಣ್ಣ ಅವಳನ್ನು ನ್ಯೂಜೆರ್ಸಿಗೆ ಕರೆಸಿಕೊಂಡು ಗ್ರೀನ್ ಕಾರ್ಡ್ ಮಾಡಿಸಿದ್ದು 2003ರಲ್ಲಿ. ಅರ್ಜಿ ಹಾಕುವ ದಿನಕ್ಕೆ ವಯಸ್ಸು 65 ದಾಟಿದ್ದು, ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿದ್ದರೆ ನೂರರ ಬದಲು ಗುರುತು ಹಾಕಿದ ಇಪ್ಪತ್ತೇ ಪ್ರಶ್ನೆ ಓದಿದರೆ ಸಾಕು. ಇಂಗ್ಲಿಷ್ ಪರೀಕ್ಷೆ ಇಲ್ಲ. ತನ್ನ ಭಾಷೆಯಲ್ಲೇ ಉತ್ತರ ಹೇಳಬಹುದು, ದುಭಾಷಿಯನ್ನು ಮಾತ್ರ ನಾವೇ ಕರೆದುಕೊಂಡು ಹೋಗಬೇಕು. ಈಗ ಓದುತ್ತಿರುವವರಿಗೆ ಒಂದು ಮಾತು: 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪಟ್ಟಿ ಬದಲಾಗಿದೆ. ಒಟ್ಟು 128 ಪ್ರಶ್ನೆ, ಕೇಳುವುದು 20, ಸರಿಯಾಗಬೇಕಾದ್ದು 12. ಹಿರಿಯರಿಗೆ ಈಗಲೂ ಇಪ್ಪತ್ತರ ಪಟ್ಟಿ, ಹತ್ತರಲ್ಲಿ ಆರು. ಆದರೆ ಪಟ್ಟಿಯೊಳಗಿನ ಪ್ರಶ್ನೆಗಳೆಲ್ಲ ಹಳೆಯವಲ್ಲ, ಆದ್ದರಿಂದ ನನ್ನ ಕಾರ್ಡುಗಳನ್ನು ಕೇಳಬೇಡಿ.

ಕಾರ್ಡು ಅಂದರೆ ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದದ್ದು. ಮೊದಲ ತಪ್ಪು ಅಲ್ಲೇ ಮಾಡಿದೆ. 'ಸರ್ಕಾರದ ಒಂದು ಶಾಖೆ ಹೆಸರಿಸಿ' ಅಂತ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿಬಿಟ್ಟಿದ್ದೆ. ಅಮ್ಮ ಕಾರ್ಡನ್ನು ದೂರ ಹಿಡಿದು ನೋಡಿ, "ಇದೇನು ಬ್ಯಾಂಕಾ? ಸರಸ್ವತಿಪುರಂ ಶಾಖೆ ಅನ್ನೋ ಹಾಗೆ?" ಅಂದಳು. ಶಾಖೆ ಹೊಡೆದು ಅಂಗ ಅಂತ ಬರೆದದ್ದೇ ತಡ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಉಸಿರು ಬಿಡದೆ ಹೇಳಿದಳು. ಐವತ್ತು ವರ್ಷದ ಹಿಂದೆ ಓದಿದ ಪೌರನೀತಿ ಅವಳ ತಲೆಯಲ್ಲಿ ಹಾಗೇ ಇತ್ತು. ಆಮೇಲೆ ನಾನು ಅನುವಾದ ಮಾಡುವುದನ್ನು ಬಿಟ್ಟೆ. ನಮ್ಮಲ್ಲಿ ಇದಕ್ಕೆ ಏನಂತಾರೆ, ಇಲ್ಲಿ ಅದು ಎಲ್ಲಿ ತಪ್ಪುತ್ತದೆ, ಈ ಎರಡನ್ನೇ ಹಿಡಿದು ಮಾತಾಡಿದೆವು.

ಲೋಕಸಭೆ ಇದ್ದ ಹಾಗೆ ಜನಪ್ರತಿನಿಧಿ ಸಭೆ, 435 ಜನ, ಜನಸಂಖ್ಯೆಗೆ ತಕ್ಕಂತೆ ಸೀಟು, ಎರಡು ವರ್ಷಕ್ಕೊಮ್ಮೆ ಚುನಾವಣೆ. ಇಷ್ಟು ಸಲೀಸಾಗಿ ಇಳಿಯಿತು. ಸೆನೆಟ್ ಅಂದರೆ ರಾಜ್ಯಸಭೆ ಅಂದುಬಿಟ್ಟೆ, ಅಲ್ಲಿ ಸಿಕ್ಕಿಬಿದ್ದೆ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31, ಸಿಕ್ಕಿಂಗೆ ಒಂದು. ಸೆನೆಟ್ಟಿನಲ್ಲಿ ಎಲ್ಲರಿಗೂ ಎರಡೇ. ಮೂರು ಕೋಟಿ ತೊಂಬತ್ತು ಲಕ್ಷ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡು, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಎರಡು.

"ಇದು ಯಾವ ನ್ಯಾಯ ಕಣೇ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ದೊಡ್ಡ ರಾಜ್ಯವಾದ ವರ್ಜೀನಿಯಾ ಜನಸಂಖ್ಯೆ ನೋಡಿ ಸೀಟು ಕೊಡಿ ಅಂತ ಪಟ್ಟು ಹಿಡಿದಿತ್ತು. ಎಲ್ಲ ರಾಜ್ಯಕ್ಕೂ ಸಮಾನ ಓಟು ಇರಲಿ ಅಂತ ಎದುರು ನಿಂತದ್ದು ಬೇರಾರೂ ಅಲ್ಲ, ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್. ಕೊನೆಗೆ ಒಂದು ಸಭೆ ನಿಮ್ಮ ಲೆಕ್ಕದ್ದು, ಇನ್ನೊಂದು ನಮ್ಮ ಲೆಕ್ಕದ್ದು ಅಂತ ರಾಜಿಯಾಯಿತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮನಿಗೆ ಹೇಳಿದೆ. ನಮ್ಮೂರಿನಿಂದ ಹೆಚ್ಚು ದೂರವಿಲ್ಲದ ಪ್ಯಾಟರ್ಸನ್ ಪಟ್ಟಣಕ್ಕೆ ಅವನದೇ ಹೆಸರು ಅಂತಲೂ ಹೇಳಿದೆ. "ಅಂದ್ರೆ ಈ ಗಲಾಟೆ ಎಬ್ಬಿಸಿದ್ದು ನಮ್ಮ ರಾಜ್ಯದವರೇ ಅನ್ನು" ಅಂದಳು. 'ನಮ್ಮ ರಾಜ್ಯ' ಅಂತ ಅವಳು ನ್ಯೂಜೆರ್ಸಿಗೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇನ್ನೊಂದು ಸಂಜೆ ಬಂದ ಪ್ರಶ್ನೆ ಪಟ್ಟಿಯಲ್ಲಿ ಇರಲೇ ಇಲ್ಲ. "ಇಲ್ಲಿ ಸರ್ಕಾರ ಬೀಳಲ್ವಾ?"

ಕುಮಾರಸ್ವಾಮಿಯವರ ಸರ್ಕಾರ 2019ರ ಜುಲೈಯಲ್ಲಿ 99ಕ್ಕೆ 105 ಓಟಿನಿಂದ ಬಿದ್ದದ್ದನ್ನು ಅವಳು ಇಲ್ಲೇ ಕೂತು ಟಿವಿಯಲ್ಲಿ ದಿನಗಟ್ಟಲೆ ನೋಡಿದವಳು. ರೆಸಾರ್ಟು, ರಾಜೀನಾಮೆ, ವಿಶ್ವಾಸಮತ, ಎಲ್ಲವೂ ಬಾಯಿಪಾಠ. ಇಲ್ಲಿ ವಿಶ್ವಾಸಮತ ಅನ್ನೋದೇ ಇಲ್ಲಮ್ಮ ಅಂದೆ. ಪ್ರಧಾನಿ ಇಲ್ಲ. ಸಂಸತ್ತಿನಲ್ಲಿ ಬಹುಮತ ಇಲ್ಲದಿದ್ದರೂ ಅಧ್ಯಕ್ಷ ನಾಲ್ಕು ವರ್ಷ ಕುರ್ಚಿ ಬಿಡಬೇಕಾಗಿಲ್ಲ. ಅವನಿಗೂ ಸಂಸತ್ತನ್ನು ವಿಸರ್ಜಿಸುವ ಅಧಿಕಾರ ಇಲ್ಲ. ತೆಗೆಯಲೇಬೇಕು ಅಂದರೆ ಕೆಳಮನೆ ದೋಷಾರೋಪ ಹೊರಿಸಿ, ಸೆನೆಟ್ಟಿನಲ್ಲಿ ಮೂರನೇ ಎರಡು ಓಟು ಬೀಳಬೇಕು. ಹಾಗೆ ಇವತ್ತಿನವರೆಗೆ ಒಬ್ಬ ಅಧ್ಯಕ್ಷನೂ ಕೆಳಗಿಳಿದಿಲ್ಲ. ಮಂತ್ರಿಗಳೂ ಸದನದವರಲ್ಲ, ಸಂಸತ್ ಸದಸ್ಯ ಮಂತ್ರಿಯಾಗಬೇಕಾದರೆ ಅಲ್ಲಿ ರಾಜೀನಾಮೆ ಕೊಟ್ಟೇ ಬರಬೇಕು.

"ಮತ್ತೆ ಜಗಳ ಬಂದ್ರೆ?"

"ಬಾಗಿಲು ಹಾಕ್ತಾರೆ."

ಖರ್ಚಿನ ಮಸೂದೆ ಎರಡೂ ಮನೆಗಳಲ್ಲಿ ಪಾಸಾಗಿ ಅಧ್ಯಕ್ಷನ ಸಹಿ ಬೀಳದಿದ್ದರೆ ಬೊಕ್ಕಸದಿಂದ ದುಡ್ಡು ಹೊರಗೆ ಬರುವಂತಿಲ್ಲ. ತುರ್ತು ಕೆಲಸದವರನ್ನು ಬಿಟ್ಟು ಉಳಿದವರು ಮನೆಯಲ್ಲಿ ಕೂರಬೇಕು. 2018ರ ಡಿಸೆಂಬರಿನಲ್ಲಿ ಶುರುವಾದದ್ದು 35 ದಿನ ನಡೆದಿತ್ತು. (ಮುಂದೆ 2025ರ ಅಕ್ಟೋಬರಿನಲ್ಲಿ ಶುರುವಾದದ್ದು 43 ದಿನ ಎಳೆದು ಆ ದಾಖಲೆಯನ್ನೂ ಮುರಿಯಿತು.) ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಬೀಳೋದೇ ವಾಸಿ. ಬಿದ್ರೆ ಇನ್ನೊಬ್ರು ಬಂದು ಕೂತ್ಕೋತಾರೆ" ಅಂದಳು. ಇದಕ್ಕೆ ನಾನು ಒಪ್ಪುವುದಿಲ್ಲ, ಆದರೆ ಅವತ್ತು ವಾದದಲ್ಲಿ ಗೆದ್ದದ್ದು ಅವಳೇ.

ನಾವು ಆರಿಸಿಕೊಂಡ ಬೇಸಿಗೆಯೂ ಸುಮ್ಮನಿರಲಿಲ್ಲ. ಜುಲೈ 21ಕ್ಕೆ ಅಧ್ಯಕ್ಷ ಬೈಡನ್ ಚುನಾವಣೆಯಿಂದ ಹಿಂದೆ ಸರಿದು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೆಸರು ಸೂಚಿಸಿದರು. ಮಾರನೇ ದಿನ 'ಈಗಿನ ಅಧ್ಯಕ್ಷರು ಯಾರು' ಕಾರ್ಡಿಗೆ ಅಮ್ಮ "ಕಮಲಾ" ಅಂದಳು, ಅದೂ ಪಕ್ಕದ ಮನೆಯ ಹುಡುಗಿಗೆ ರ‍್ಯಾಂಕ್ ಬಂದ ಖುಷಿಯಲ್ಲಿ. ಇಲ್ಲಮ್ಮ, ಜನವರಿ 20ರ ತನಕ ಬೈಡನ್ನೇ. ಅದಾದ ಮೇಲೆ ಆಗಸ್ಟ್ 20ಕ್ಕೆ ನಮ್ಮ ಸೆನೆಟರ್ ಬಾಬ್ ಮೆನೆಂಡೆಜ್ ಲಂಚದ ಮೊಕದ್ದಮೆಯಲ್ಲಿ ತಪ್ಪಿತಸ್ಥನಾಗಿ ರಾಜೀನಾಮೆ ಕೊಟ್ಟ. ಕಾರ್ಡಿನಲ್ಲಿ ಅವನ ಹೆಸರು ಹೊಡೆದು ಹಾಕಿ, ಕೋರಿ ಬುಕರ್ ಒಬ್ಬನದೇ ಇಟ್ಟುಕೊಂಡೆವು. ಇಬ್ಬರಲ್ಲಿ ಒಬ್ಬರನ್ನು ಹೇಳಿದರೆ ಸಾಕಲ್ಲ.

"ಖಾಲಿ ಜಾಗಕ್ಕೆ ಯಾರು?"

"ಗವರ್ನರು ಒಬ್ಬರನ್ನ ನೇಮಿಸ್ತಾರೆ, ಚುನಾವಣೆ ಆಗೋ ತನಕ."

"ಗವರ್ನರನ್ನ ಯಾರು ನೇಮಿಸೋದು? ವಾಷಿಂಗ್ಟನ್ನಿನವರಾ?"

"ನೇಮಿಸಲ್ಲಮ್ಮ. ನಾವೇ ಓಟು ಹಾಕಿ ಆರಿಸ್ತೀವಿ."

ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು. ಅವಳ ಮಟ್ಟಿಗೆ ಗವರ್ನರ್ ಅಂದರೆ ಬೇರೆ ರಾಜ್ಯದಿಂದ ಬಂದು, ರಾಜಭವನದಲ್ಲಿದ್ದು, ಪ್ರಮಾಣವಚನ ಬೋಧಿಸುವವರು. ಅವರಿಗೆ ಓಟು ಹಾಕುವುದು ಅಂದರೆ ದೇವಸ್ಥಾನದ ಧರ್ಮದರ್ಶಿಗೆ ಓಟು ಹಾಕಿದ ಹಾಗೆ. ಇಲ್ಲಿನ ಗವರ್ನರು ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವರು ಅಂತ ಬಿಡಿಸಿ ಹೇಳಲು ಒಂದು ಕಂತೆ ಸೊಪ್ಪು ಮುಗಿಯಿತು.

ಉಳಿದವಕ್ಕೆಲ್ಲ ಗುರುತು ಕಟ್ಟಿಕೊಂಡೆವು. ಅಧ್ಯಕ್ಷರಿಗೆ ಓಟು ಹಾಕುವ ತಿಂಗಳು ನವೆಂಬರ್, ರಾಜ್ಯೋತ್ಸವದ ತಿಂಗಳು. ಬಾವುಟದಲ್ಲಿ 50 ನಕ್ಷತ್ರ, ರಾಜ್ಯಕ್ಕೊಂದು. ಸ್ವಾತಂತ್ರ್ಯ ದೇವಿಯ ಪ್ರತಿಮೆ ಎಲ್ಲಿದೆ ಅನ್ನುವುದಕ್ಕೆ ನ್ಯೂಯಾರ್ಕ್ ಅಂತಲೇ ಎಲ್ಲರೂ ಹೇಳುವುದು. ನ್ಯೂಜೆರ್ಸಿ ಅಂದರೂ ಸರಿ ಅಂತ ಅಧಿಕೃತ ಉತ್ತರದಲ್ಲೇ ಇತ್ತು. ಜೆರ್ಸಿ ಸಿಟಿಯ ಪಾರ್ಕಿನಿಂದ ಅದನ್ನು ನೋಡಿದ್ದ ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ: "ನಮಗೆ ಬೆನ್ನು ಹಾಕ್ಕೊಂಡು ನಿಂತಿದ್ದಾಳೆ, ನಮ್ಮವಳು ಅಂತ ಹೆಂಗೆ ಹೇಳ್ಲಿ?"

ಇಂಟರ್‌ವ್ಯೂ ಅಕ್ಟೋಬರಿನ ಮೊದಲ ವಾರ. ಮನೆಯವರೇ ದುಭಾಷಿಯಾಗುವುದು ಬೇಡ ಅಂತ ಕನ್ನಡ ಕೂಟದ ಗೆಳತಿಯನ್ನು ಕರೆದುಕೊಂಡು ಹೋಗಿದ್ದೆ. ಕೇಳಿದ್ದನ್ನು ಕೇಳಿದ ಹಾಗೆ ಕನ್ನಡದಲ್ಲಿ ಹೇಳಬೇಕು, ವಿವರಿಸುವಂತಿಲ್ಲ, ಸುಳಿವು ಕೊಡುವಂತಿಲ್ಲ. ನಾನು ಹೊರಗೆ ಕೂತಿದ್ದೆ, ಒಳಗಿನದು ಗೆಳತಿ ಹೇಳಿದ್ದು. ಅರ್ಜಿಯಲ್ಲಿದ್ದ ಪ್ರಶ್ನೆಗಳನ್ನು ಅಧಿಕಾರಿ ಮೊದಲು ಕೇಳಿದರಂತೆ. ಕಮ್ಯುನಿಸ್ಟ್ ಪಕ್ಷದಲ್ಲಿ ಯಾವಾಗಲಾದರೂ ಇದ್ದಿರಾ ಅಂದದ್ದಕ್ಕೆ ಅಮ್ಮ, "ಇಲ್ಲಪ್ಪ, ನಮ್ಮದು ಕಾಂಗ್ರೆಸ್ ಮನೆ" ಅಂದಳಂತೆ. ಗೆಳತಿ ಅದನ್ನೂ ಹೇಳಿದ ಹಾಗೆಯೇ ಇಂಗ್ಲಿಷಿಗೆ ಇಳಿಸಿದಳು. ಅಧಿಕಾರಿ ಒಂದು ಕ್ಷಣ ಪೆನ್ನು ನಿಲ್ಲಿಸಿದರಂತೆ. ಆಮೇಲೆ ನಕ್ಕು ಮುಂದಕ್ಕೆ ಹೋದರು. ನಾಲ್ಕನೇ ಪ್ರಶ್ನೆಗೇ ಬಂತು, ಅಮೆರಿಕದ ಕಾಂಗ್ರೆಸ್ಸಿನ ಎರಡು ಭಾಗ. ಗೆಳತಿಗೆ ಎದೆ ಡವಡವ. ಅಮ್ಮ ಅನುವಾದಕ್ಕೂ ಕಾಯದೆ ಬೆರಳು ಮಡಚಿ "ಸೆನೆಟ್, ಹೌಸ್" ಅಂದುಬಿಟ್ಟಳು. ಆರಕ್ಕೆ ಆರೂ ಸರಿ.

ಪ್ರಮಾಣವಚನ ಅಕ್ಟೋಬರ್ ಕೊನೆಗೆ ಬಂತು. ಆ ವರ್ಷ ನವೆಂಬರ್ 5ರ ಚುನಾವಣೆಗೆ ಇಲ್ಲಿ ಹೆಸರು ನೋಂದಾಯಿಸಲು 15ನೇ ತಾರೀಖೇ ಕಡೆ, 21 ದಿನ ಮೊದಲು. ಹತ್ತು ದಿನದಲ್ಲಿ ತಪ್ಪಿಹೋಯಿತು. ಭಾರತದ ನೀಲಿ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಾದ ಬೇಜಾರಿಗೆ ಇದೂ ಸೇರಿ ಅಮ್ಮ ಒಂದು ವಾರ ಮಾತು ಕಡಿಮೆ ಮಾಡಿದ್ದಳು. ಅತ್ತ ಭಾರತದ ಓಟೂ ಹೋಯಿತು, ಇತ್ತ ಇಲ್ಲಿನದೂ ಇಲ್ಲ. ಅರ್ಜಿಯನ್ನು ನಾನು ಎರಡು ತಿಂಗಳು ಮುಂಚೆ ಹಾಕಬಹುದಿತ್ತು. ಮೈಸೂರಿಗೆ ಹೋಗಿಬಂದ ತಾರೀಖುಗಳನ್ನೆಲ್ಲ ಹಳೇ ಪಾಸ್‌ಪೋರ್ಟಿನ ಮುದ್ರೆಗಳಲ್ಲಿ ಹುಡುಕುತ್ತಾ ತಡ ಮಾಡಿದವಳು ನಾನೇ.

ನ್ಯೂಜೆರ್ಸಿಯಲ್ಲಿ ಗವರ್ನರ್ ಚುನಾವಣೆ ನಡೆಯುವುದು ಬೆಸ ವರ್ಷದಲ್ಲಿ. ಹಾಗಾಗಿ 2025ರಲ್ಲಿ ಅಮ್ಮನ ಮೊದಲ ಓಟು ಗವರ್ನರಿಗೇ ಬಿತ್ತು. ಮತಪತ್ರ ಅಂಚೆಯಲ್ಲಿ ಮನೆಗೇ ಬಂತು. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು, ಎಡಗೈ ಅಡ್ಡ ಇಟ್ಟು, ನನಗೂ ಕಾಣದ ಹಾಗೆ ಕಪ್ಪು ಪೆನ್ನಿನಲ್ಲಿ ಖಾನೆ ತುಂಬಿಸಿದಳು. ಒಳಲಕೋಟೆಯ ಮೇಲೆ ನಿಧಾನವಾಗಿ ಕನ್ನಡದಲ್ಲಿ ಸಹಿ ಹಾಕಿದಳು. ನಾನು ಲಕೋಟೆ ಅಂಟಿಸುವಾಗ ಎಡಗೈ ಮುಂದೆ ಚಾಚಿ ತೋರುಬೆರಳು ನೋಡಿಕೊಂಡಳು.

"ಮಸಿ?"

"ಇಲ್ಲಿ ಹಾಕಲ್ಲಮ್ಮ."

"ಮಸಿ ನಮ್ಮೂರಿಂದ್ಲೇ ಹೋಗೋದು ಕಣೇ, ಪೇಂಟ್ ಫ್ಯಾಕ್ಟರಿಯಿಂದ. ಹೇಳಿದ್ರೆ ಇವರಿಗೂ ಕಳಿಸಿಕೊಡ್ತಾರೆ" ಅಂತ ಎದ್ದು ಒಲೆ ಹಚ್ಚಿದಳು.