ಎಳೆ ಹುಂಜ ಹೇಂಟೆಗಳ ಮೇಲೆ ಬೀಳಲು ಶುರುಮಾಡಿದಾಗ

ಒಂದೇ ಕಾವಿನಲ್ಲಿ ಹುಟ್ಟಿದ ಮರಿಗಳಲ್ಲಿ ಹುಂಜ ಮೊದಲು ಬಲಿಯುತ್ತದೆ. ಹಿತ್ತಲ ಕೋಳಿಗಳ ನಡುವಿನ ಹೆಚ್ಚಿನ ಗಲಾಟೆಗೆ ಮೂಲ ಇದೇ. ನಾಲ್ಕು ತಿಂಗಳಿಗೆಲ್ಲ ಅದರ ಜುಟ್ಟು ಕೆಂಪಾಗುತ್ತದೆ, ಕೂಗುತ್ತದೆ, ಹೇಂಟೆಗಳ ಬೆನ್ನು ಹತ್ತುತ್ತದೆ. ಜೊತೆಯ ನಾಟಿ ಹೇಂಟೆ ಮೊಟ್ಟೆಗೆ ಬರುವುದು ಆರು ತಿಂಗಳ ಆಸುಪಾಸಿನಲ್ಲಿ. ನಡುವಿನ ಆ ಎರಡು ತಿಂಗಳು ಹೇಂಟೆ ಒಪ್ಪುವುದಿಲ್ಲ, ಹುಂಜ ಬಿಡುವುದಿಲ್ಲ. ಅಟ್ಟಿಸಿಕೊಂಡು ಹೋಗಿ ತಲೆಯ ಹಿಂದಿನ ಪುಕ್ಕ ಕಚ್ಚಿ ಮೇಲೇರುತ್ತದೆ. ‘ಈ ಹುಂಜ ಕೆಟ್ಟದ್ದು’ ಎಂದು ಆಗಲೇ ಕೊಯ್ದುಬಿಡುವುದು ಅವಸರದ ಮಾತು.

ನಾನು ನೋಡುವುದು ಹೇಂಟೆಯನ್ನು. ಬೆನ್ನ ಮೇಲೆ ಅಂಗೈ ಇಟ್ಟಾಗ ಓಡದೆ, ರೆಕ್ಕೆ ಕೊಂಚ ಅಗಲಿಸಿ ನೆಲಕ್ಕೆ ಕುಗ್ಗಿ ಕೂತರೆ ಅದು ಹುಂಜಕ್ಕೆ ಸಿದ್ಧವಾಗಿದೆ. ಮೊದಲ ಮೊಟ್ಟೆಯೂ ದೂರವಿಲ್ಲ. ಕುಗ್ಗದ ಹೇಂಟೆಗಳ ನಡುವೆ ಹುಂಜವನ್ನು ಬಿಡುವುದಿಲ್ಲ.

ಯಲಹಂಕದ ನಮ್ಮ ಮನೆ ಪಕ್ಕದ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗ, 20 ಅಡಿ ಉದ್ದ, 5 ಅಡಿ ಅಗಲ. ಆರು ಹೇಂಟೆ, ಒಂದು ಹುಂಜ. ಕೊನೆಯ 6 ಅಡಿಗೆ ಕೋಳಿ ಬಲೆ ಅಡ್ಡಕಟ್ಟಿ ಹುಂಜವನ್ನು ಅಲ್ಲಿಡುತ್ತೇನೆ. ಬಲೆಯೇ ಬೇಕು, ತಗಡಲ್ಲ. ಒಂದನ್ನೊಂದು ನೋಡುತ್ತಿದ್ದರೆ ಮತ್ತೆ ಸೇರಿಸಿದಾಗ ಹೊಸಬನಂತೆ ಕಾದಾಡುವುದು ಕಡಿಮೆ. ನೀರು, ಮೇವು ಎರಡೂ ಕಡೆ ಬೇರೆ ಬೇರೆ.

ಹೇಂಟೆಗಳು ಕುಗ್ಗತೊಡಗಿದ ಮೇಲೆ ಸಂಜೆ ನಾಲ್ಕಕ್ಕೆ ಒಂದೆರಡು ಗಂಟೆ ಬಿಡುತ್ತೇನೆ. ಹೆಚ್ಚಿನವು ಮೊಟ್ಟೆಯಿಡುವುದು ಬೆಳಿಗ್ಗೆ. ಗಟ್ಟಿ ಚಿಪ್ಪಿನ ಮೊಟ್ಟೆ ಒಳಗಿರುವಾಗ ಕೂಡಿದರೆ ವೀರ್ಯ ಮೇಲಕ್ಕೆ ಹೋಗುವುದು ಕಷ್ಟ. ಕೋಳಿಗಳು ತಾವಾಗಿಯೂ ಸಂಜೆಯೇ ಹೆಚ್ಚು ಕೂಡುತ್ತವೆ. ಗೋಣಿಚೀಲದ ಎರಡು ಪರದೆ, ಒಂದು ಎತ್ತರದ ಹಲಗೆ ಇರಲಿ. ಕಣ್ಣಿಗೆ ಮರೆಯಾದ ಹೇಂಟೆಯನ್ನು ಎಳೆ ಹುಂಜ ಬೇಗ ಮರೆಯುತ್ತದೆ.

ಪಳಗಿದ ಹುಂಜ ಮೊದಲು ಕುಟ್ ಕುಟ್ ಎಂದು ಕಾಳು ತೋರಿಸಿ ಕರೆಯುತ್ತದೆ, ಒಂದು ರೆಕ್ಕೆ ನೆಲಕ್ಕಿಳಿಸಿ ಪಕ್ಕಕ್ಕೆ ಹೆಜ್ಜೆಯಿಡುತ್ತ ಸುತ್ತುತ್ತದೆ. ಮೇಲೇರಿ, ಬಾಲ ಬಗ್ಗಿಸಿ, ಗುದ ತಾಗಿಸಿ ಇಳಿಯುವುದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಆಮೇಲೆ ಹೇಂಟೆ ಎದ್ದು ಮೈ ಕೊಡವಿ ಮೇಯಲು ಹೋದರೆ ಎಲ್ಲ ಸರಿಯಾಗಿದೆ. ಮೂಲೆ ಸೇರಿ ಮೇವಿಗೂ ಬಾರದಿದ್ದರೆ ಹುಂಜ ಮತ್ತೆ ಬಲೆಯಾಚೆಗೆ. ಎಳೆಯದು ಈ ಕುಣಿತ ಕಲಿಯಲು ವಾರಗಳು ಹಿಡಿಯುತ್ತವೆ. ಎರಡು ಹುಂಜಗಳಲ್ಲಿ ಒಂದನ್ನು ಉಳಿಸಿಕೊಳ್ಳುವುದಾದರೆ ಕಾಳು ಸಿಕ್ಕಾಗ ತಾನು ನುಂಗದೆ ಹೇಂಟೆಯನ್ನು ಕರೆಯುವುದನ್ನು ಉಳಿಸಿ, ದಪ್ಪವಿರುವುದನ್ನಲ್ಲ. ಎರಡನ್ನೂ ಇಟ್ಟರೆ ಸೋತ ಹುಂಜ ಕದ್ದು, ಕುಣಿತವಿಲ್ಲದೆ ಹಾರಿ ಬೀಳುತ್ತದೆ. ಗೆದ್ದದ್ದು ಅದರ ಮೇಲೆ ನುಗ್ಗುತ್ತದೆ. ಕೆಳಗೆ ಸಿಕ್ಕಿಕೊಂಡ ಹೇಂಟೆಗೆ ಗಾಯ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ಒಳ್ಳೆಯ ತಳಿ. ಆದರೆ ಬಲಿತ ಗಿರಿರಾಜ ಹುಂಜ ನಾಟಿ ಹೇಂಟೆಯ ಎರಡರಷ್ಟಕ್ಕೂ ಹೆಚ್ಚು ತೂಗುತ್ತದೆ. ಸಣ್ಣ ಹೇಂಟೆಗಳ ಜೊತೆ ಬೇಡ.

ವಾರಕ್ಕೊಮ್ಮೆ ರಾತ್ರಿ, ಗೂಡಿನಲ್ಲಿ ಕೂತಿರುವಾಗ, ಪ್ರತಿ ಹೇಂಟೆಯ ರೆಕ್ಕೆ ಎತ್ತಿ ಪಕ್ಕೆ ನೋಡಿ. ಹುಂಜದ ಉಗುರು ಸೀಳುವುದು ಅಲ್ಲೇ, ಮೇಲಿನ ಪುಕ್ಕದಡಿ ಕಾಣದು. ಪುಕ್ಕ ಬೆನ್ನಲ್ಲೂ ತಲೆಯ ಹಿಂದೆಯೂ ಹೋಗಿದ್ದರೆ ಹುಂಜದ ಕೆಲಸ. ಗುದದ ಸುತ್ತ ಹೋಗಿ ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಂಡರೆ ಹೇನು. ಹುಂಜದ ಉಗುರಿನ ತುದಿ 2 ಮಿ.ಮೀ. ಮಾತ್ರ ಕತ್ತರಿಸಿ ಅರದಿಂದ ಮೊಂಡು ಮಾಡಿ, ಒಳಗೆ ರಕ್ತನಾಳವಿದೆ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ, ಮಾಯುವವರೆಗೆ ಆ ಹೇಂಟೆಯನ್ನು ಬೇರೆ ಇಡಿ. ಕೆಂಪು ಕಂಡರೆ ಉಳಿದ ಹೇಂಟೆಗಳೇ ಕುಕ್ಕಿ ಕೊಲ್ಲಬಲ್ಲವು. ಬೆನ್ನು ಬೋಳಾಗಿದ್ದರೆ ಹಳೆ ಜೀನ್ಸ್ ಬಟ್ಟೆಯ ಅಂಗೈ ಅಗಲದ ತುಂಡಿಗೆ ಎಲಾಸ್ಟಿಕ್ ಹೊಲಿದು ರೆಕ್ಕೆ ಬುಡಕ್ಕೆ ತೊಡಿಸಿ.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಬೇಕು ಎನ್ನುವುದು ನಿಜ. ಆರೇ ಇದ್ದಾಗ ವಾರದಲ್ಲಿ ಮೂರು ದಿನ ಹುಂಜವನ್ನು ಬಲೆಯಾಚೆ ಇಡುತ್ತೇನೆ, ಮರಿಗೇನೂ ನಷ್ಟವಿಲ್ಲ. ಹೇಂಟೆಯ ಒಳಗೆ ವೀರ್ಯ ಉಳಿಯಲು ಸಣ್ಣ ಸಣ್ಣ ನಾಳಗಳಿವೆ. ಒಮ್ಮೆ ಕೂಡಿದರೆ ಹತ್ತು ದಿನವಾದರೂ ಜೀವವಿರುವ ಮೊಟ್ಟೆ ಬರುತ್ತದೆ. ಹುಂಜ ಬದಲಿಸಿದರೆ ಮಾತ್ರ ನಾಲ್ಕು ವಾರ ಕಾದು ಮೊಟ್ಟೆ ಕೂಡಿಡಿ, ಇಲ್ಲದಿದ್ದರೆ ಹಳೆ ಹುಂಜದ ಮರಿ ಬೆರೆಯುತ್ತವೆ.

ಕಾವಿಗಿಡುವ ಮೊದಲು ಎರಡು ಮೊಟ್ಟೆ ತಟ್ಟೆಗೆ ಒಡೆಯಿರಿ. ಹಳದಿಯ ಮೇಲೆ ದುಂಡಗಿನ ಬಳೆಯಂಥ ಬಿಳಿ ಗುರುತಿದ್ದರೆ ಹುಂಜ ಕೂಡಿದೆ. ಅಂಚು ಒಡ್ಡೊಡ್ಡಾದ ಸಣ್ಣ ಬಿಳಿ ಚುಕ್ಕೆಯಷ್ಟೇ ಇದ್ದರೆ ಇನ್ನೂ ಒಂದು ವಾರ ಕಾಯಿರಿ.