ಗ್ಯಾಸ್ ಕಟ್ಟರ್ ಹಿಡಿಸದೇನೇ ಹೈ ಬಾನೆಟ್ ಜೀಪ್ ಬಿಚ್ಚಿದ್ದು: ನನ್ನ ಅನುಭವ

ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ಹತ್ತು ಹನ್ನೆರಡು ಮಳೆಗಾಲ ನೆಂದ್ಕೊಂಡು ನಿಂತಿದ್ದ 1974ರ ಮಹೀಂದ್ರಾ ಸಿಜೆ3ಬಿ, ಅದೇ ಹೈ ಬಾನೆಟ್ ಜೀಪು. ಡೀಸೆಲ್ ಇಂಜಿನ್ ಕೂರ್ಸಿರ್ಲಿಲ್ಲ, ಅದ್ರ ಮೂಲ ಹರಿಕೇನ್ ಪೆಟ್ರೋಲ್ ಇಂಜಿನ್ನೇ ಇತ್ತು, ಅದಕ್ಕೇ ತಗೊಂಡೆ, ತೊಂಬತ್ತು ಸಾವಿರದ ಹತ್ರ ಬಿತ್ತು. ನೋಡಿದ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು, "ಒಂದು ಬೋಲ್ಟೂ ಬರಲ್ಲ ಸಾರ್, ಕಟ್ಟರ್ ಹಿಡಿಸ್ಬಿಡಿ, ಎರಡು ದಿನದ ಕೆಲ್ಸ." ಬಿಚ್ಚೋಕೇ ಇಪ್ಪತ್ತು ಸಾವಿರ ಕೇಳಿದ್ರು. ನಾನು ಒಪ್ಲಿಲ್ಲ. ಕಟ್ಟರ್ ಶಾಖಕ್ಕೆ ಬ್ರಾಕೆಟ್ ಸೊಟ್ಟ ಆದ್ರೆ ಆಮೇಲೆ ಬಾಡಿ ಕೂರ್ಸೋವಾಗ ಒಂದು ತೂತೂ ಸರಿಯಾಗಿ ಕೂಡಲ್ಲ. ಬರೀ ಭಾನುವಾರಗಳಲ್ಲೇ ಮೂರು ತಿಂಗಳು ಹಿಡೀತು, ಮುನ್ನೂರು ಚಿಲ್ಲರೆ ಬೋಲ್ಟಲ್ಲಿ ಮುರಿದಿದ್ದು ಹದಿನಾಲ್ಕೋ ಹದಿನೈದೋ.

ಅದ್ರಲ್ಲಿ ಮೂರು ಮೊದಲ್ನೇ ದಿನಾನೇ ಹೋದ್ವು. ಎಡಗಡೆ ವೀಲ್ ನಟ್ ಉಲ್ಟಾ ಥ್ರೆಡ್ಡು, ಮಾಮೂಲಿಗೆ ವಿರುದ್ಧ ತಿರುಗಿಸಿದ್ರೇನೇ ಬಿಚ್ಚೋದು. ಸ್ಟಡ್ (ನಟ್ ಕೂರೋ ಬೋಲ್ಟು) ತುದೀಲಿರೋ ಎಲ್ ಮಾರ್ಕು ತುಕ್ಕಲ್ಲಿ ಮುಚ್ಚೋಗಿತ್ತು, ಸಹಾಯಕ್ಕೆ ಬಂದ ಹುಡುಗನಿಗೆ ನಾನು ಹೇಳೋಷ್ಟರಲ್ಲಿ ಪಾನಾಗೆ ಪೈಪ್ ಸಿಗಿಸಿ ಎಳೆದೇಬಿಟ್ಟ. ಸ್ಟಡ್ ಹುಡುಕ್ಕೊಂಡು ಬೆಂಗಳೂರು ಜೆಸಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಎರಡು ಸಲ ಹೋಗಿ ಬಂದೆ, ಮೂರು ಸಾವಿರ ಅಲ್ಲೇ ಹೋಯ್ತು.

ತುಕ್ಕು ಹಿಡಿದ ಬೋಲ್ಟ್ ಸಡಿಲ ಮಾಡೋಕೆ ನನ್ನ ಎಣ್ಣೆ ಅಂದ್ರೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಮತ್ತು ಥಿನ್ನರ್, ಜೊತೆಗೆ ಇನ್ನೊಂದಿದೆ, ಅದನ್ನೂ ಅಳತೆನೂ ಇಲ್ಲಿ ಹೇಳಲ್ಲ. ದಿನಾ ಸಂಜೆ ಸಿರಿಂಜಲ್ಲಿ ಹನಿ ಬಿಟ್ಟು ಹತ್ತು ದಿನ ಪಾನಾ ಮುಟ್ಟಬಾರ್ದು. ಆಮೇಲೆ ಪೂರ್ತಿ ಒರೆಸಿ ಒಣಗಿಸಿ ನಟ್ ಮಾತ್ರ ಕಾಯಿಸಿ, ಮೊದ್ಲು ಒಂಚೂರು ಬಿಗಿ ಮಾಡೋ ಕಡೆ ತಿರುಗಿಸಿ, ಆಮೇಲೆ ಬಿಚ್ಚೋ ಕಡೆ.

ಹಿಂದಿನ ಬ್ರೇಕ್ ಡ್ರಮ್ ಮಾತ್ರ ನಿಜಕ್ಕೂ ಸತಾಯಿಸ್ತು. ಟೇಪರ್ ಶಾಫ್ಟು (ತುದಿ ಕಡೆ ಸಣ್ಣ ಆಗ್ತಾ ಹೋಗೋದು), ಡ್ರಮ್ಮನ್ನ ಶಾಫ್ಟಿಗೆ ಲಾಕ್ ಮಾಡೋ ಕೀ ಹಿಡ್ಕೊಂಡು ಕೂತಿತ್ತು. ಡ್ರಮ್ ಎಳೆಯೋಕೆ ಬಾಡಿಗೆಗೆ ತಂದ ಪುಲ್ಲರ್ ಕಾಲೇ ಬಗ್ಗೋಯ್ತು. ಲೇತಲ್ಲಿ ದಪ್ಪ ಪ್ಲೇಟ್‌ದು ಮಾಡಿಸ್ದೆ, ಸಾವಿರದ ಎಂಟ್ನೂರು. ಆಕ್ಸೆಲ್ ನಟ್ಟನ್ನ ಎರಡು ಸುತ್ತು ಸಡಿಲ ಮಾಡಿ ಅಲ್ಲೇ ಬಿಟ್ಟೆ, ಇಲ್ಲಾಂದ್ರೆ ಡ್ರಮ್ ಹಾರಿ ಕಾಲಿಗೇ ಬರುತ್ತೆ. ಪುಲ್ಲರ್ ಬಿಗಿ ಮಾಡಿ, ಸ್ಕ್ರೂ ತಲೆಗೆ ಸುತ್ತಿಗೇಲಿ ನಾಲ್ಕು ಏಟು ಕೊಟ್ಟು ಹಂಗೇ ಬಿಟ್ಟು ಮಲಗ್ದೆ. ರಾತ್ರಿ ಎರಡು ಗಂಟೆ ಇರ್ಬೇಕು, ಶೆಡ್ಡಲ್ಲಿ ಕೋವಿ ಹೊಡೆದಂಗೆ ಢಂ ಅಂತು, ನಾಯಿಗಳೆಲ್ಲ ಬೊಗಳೋಕೆ ಶುರು. ಟಾರ್ಚ್ ಹಾಕಿ ನೋಡಿದ್ರೆ ಡ್ರಮ್ ನಟ್ಟಿಗೆ ಒರಗಿ ನಿಂತಿದೆ, ಶಾಫ್ಟ್ ಟೇಪರ್ ಬೆಳ್ಳಿ ತರ ಹೊಳೀತಾ ಇದೆ, ಒಂದು ಗೀರೂ ಇಲ್ಲ. ಕಟ್ಟರ್ ಅಂದವ್ರಿಗೆಲ್ಲ ಬೆಳಿಗ್ಗೇನೇ ಫೋಟೋ ಕಳಿಸ್ದೆ.

ಮಧ್ಯೆ ತುಕ್ಕಿಗೆ ಒಂದು ಪ್ರಯೋಗ ಮಾಡ್ದೆ. ಉಪ್ಪಾಗೆ ಹಣ್ಣಿನ ಹುಳಿ ಅಷ್ಟಕ್ಕಷ್ಟೆ, ಕಾಕಂಬಿ (ಮೊಲಾಸಿಸ್) ಒಂದು ಪಾಲಿಗೆ ನೀರು ಒಂಬತ್ತು ಪಾಲು ಹಾಕಿ ಎರಡು ವಾರ ಮುಳುಗಿಸಿದ್ದು ಸೂಪರ್, ಬ್ರಾಕೆಟ್ಟೆಲ್ಲ ಬರೀ ಲೋಹ ಕಾಣೋ ಹಂಗೆ ಬಂತು, ವಾಸನೆ ಮಾತ್ರ ತಡೆಯೋಕಾಗಲ್ಲ. ಕಾರ್ಬುರೇಟರ್ ಬಾಡಿನೂ ಅದ್ರಲ್ಲೇ ಹಾಕಿ ಕೆಡಿಸ್ಕೊಂಡೆ, ಕಬ್ಬಿಣ ಬಿಟ್ಟು ಬೇರೆ ಏನೂ ಹಾಕ್ಬೇಡಿ, ನಾಲ್ಕೂವರೆ ಸಾವಿರ ಹೋಯ್ತು.

ಬಿಚ್ಚೋ ಕೆಲ್ಸ ಒಟ್ಟು ಹದಿಮೂರು ಸಾವಿರದೊಳಗೆ ಮುಗೀತು. ಚಾಸಿನ ಬ್ಲಾಸ್ಟಿಂಗಿಗೆ (ಮರಳಿನಂಥದ್ದು ಹೊಡೆದು ತುಕ್ಕು ತೆಗೆಯೋದು) ಕಳಿಸೋ ಮುಂಚೆ ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಕೊಳ್ಳಿ, ಮೇಲೆ ಎರಡು ಸುತ್ತು ಟೇಪ್ ಹಾಕಿ. ಆ ನಂಬರ್ ಅಳಿಸಿ ಹೋದ್ರೆ ಆರ್‌ಸಿ ಇದ್ದೂ ಉಪಯೋಗ ಇಲ್ಲ.